ಒಂಬತ್ತರ ಸುತ್ತ ಎಳೆದ ಗೆರೆ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಅಂಗಿ ಹೊಲಿದ ಹೆಸರು ಅಂಗಡಿಯ ಮಾಸ್ತರರಿಗೆ. ಗುಂಡಿ ತೂರಿಸುವ ಕಾಜ ಮಾತ್ರ ಇಪ್ಪತ್ತಾರು ವರ್ಷದಿಂದ ಅವಳದು. ಕಾಜವನ್ನು ಯಾರು ತಾನೇ ನೋಡುತ್ತಾರೆ? ಗುಂಡಿ ಹಾಕಿದರೆ ಅದೂ ಮುಚ್ಚಿಹೋಗುತ್ತದೆ.

ಮನೆಯಲ್ಲೂ ಅದೇ ಕಥೆ. ಅತ್ತೆ ಹೇಳಿದಾಗ ಊಟ, ಗಂಡ ಹೇಳಿದಾಗ ನಿದ್ದೆ. ಎರಡು ವರ್ಷದ ಹಿಂದೆ ಒಂದು ದಿನ ಸೂಜಿ ಹಿಡಿದ ಕೈ ಹಾಗೇ ನಿಂತಿತು. ಅಳೋಣವೆಂದರೆ ಅಳುವೂ ಬರಲಿಲ್ಲ. ಖಿನ್ನತೆಗೆಂದು ನುಂಗಿದ ಮಾತ್ರೆಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಕೊನೆಗೆ ದೊಡ್ಡಾಸ್ಪತ್ರೆಯವರು ಅಣಬೆಯಿಂದ ತೆಗೆದ, ಕೆಲವು ಗಂಟೆ ಎಚ್ಚರದಲ್ಲೇ ಕನಸು ಕಾಣಿಸುವ ಹೊಸ ಔಷಧದ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಂಡರು. ಒಟ್ಟು ಎರಡು ಸರದಿ. ಮೊದಲನೆಯದು ಮುಗಿದ ಮರುದಿನ ಡಾಕ್ಟರಮ್ಮ ಪ್ರಶ್ನೆಗಳ ಹಾಳೆ ಹಿಡಿದು ಎದುರು ಕುಳಿತರು.

"ನಾನು ಅನ್ನೋದು ಕರಗಿಹೋಯ್ತಾ? ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಹೇಳಿ."

"ಎಲ್ಲಾ ಮರೆತೇ ಹೋಯ್ತು ಮೇಡಂ. ಅತ್ತೆ ಇಲ್ಲ, ಇವರಿಲ್ಲ, ಮಾಸ್ತರರಿಲ್ಲ..."

ಡಾಕ್ಟರಮ್ಮನ ಮುಖ ಅರಳಿತು. ಒಂಬತ್ತಕ್ಕೆ ಸುತ್ತು ಬಿತ್ತು.

"ಪೂರ್ತಿ ಕೇಳಿ. ಆಮೇಲೆ ಕಾಜಗಳು ಬಂದ್ವು, ನಾನು ಹೊಲಿದವು, ಲಕ್ಷಗಟ್ಟಲೆ. ಒಂದೊಂದೂ ಎಡಕ್ಕೆ ಒಂದೆಳೆಯಷ್ಟು ವಾಲಿತ್ತು. ನನ್ನ ಹೆಬ್ಬೆರಳು ತಿರುಗೋದೇ ಹಂಗೆ, ಮಾಸ್ತರರು ಎಷ್ಟು ಬೈದ್ರೂ ಸರಿಹೋಗಲಿಲ್ಲ. ಇದು ನಂದು, ಇದೂ ನಂದು ಅಂತ ಗುರುತು ಹಿಡೀತಾ ಹೋದೆ. ಕರಗಿದ್ದು ಅವರೆಲ್ಲ, ನಾನಲ್ಲ."

"ಅದನ್ನೇ ನಾವು ಕರಗೋದು ಅನ್ನೋದಮ್ಮ. ನಾನು ಏನೂ ಅಲ್ಲ ಅಂತ ಗೊತ್ತಾದ್ರೆ ಮನಸ್ಸು ಹಗುರಾಗುತ್ತೆ."

ಕಾಜಕ್ಕನ ಕಿವಿ ಬಿಸಿಯಾಯಿತು.

"ನೀನು ಏನೂ ಅಲ್ಲ ಅಂತ ನಮ್ಮತ್ತೆ ಮೂವತ್ತು ವರ್ಷದಿಂದ ಬಿಟ್ಟಿಯಾಗೇ ಹೇಳ್ತಿದಾರೆ. ಅದನ್ನ ಕೇಳೋಕೆ ಇಲ್ಲೀತನಕ ಬರಬೇಕಿತ್ತಾ? ನಿಮಗೆ ನಾನು ಅನ್ನೋದು ಜಾಸ್ತಿಯಾಗಿದ್ರೆ ನಿಮ್ಮದನ್ನ ಕರಗಿಸ್ಕೊಳ್ಳಿ. ನಂದು ನಿನ್ನೆ ತಾನೆ ಸಿಕ್ಕಿದೆ. ಸೊನ್ನೆ ಅಂತ ಬರೀರಿ."

ಡಾಕ್ಟರಮ್ಮ ದನಿ ತಗ್ಗಿಸಿದರು. "ಸೊನ್ನೆ ಅಂದ್ರೆ ಔಷಧ ಹಿಡೀಲಿಲ್ಲ ಅಂತ ಲೆಕ್ಕ. ಎರಡನೇ ಸರದಿ ಸಿಗಲ್ಲ. ಒಂಬತ್ತೇ ಇರಲಿ, ನಿಮಗೇ ಒಳ್ಳೇದು."

ಅವಳಿಗೆ ನಿನ್ನೆಯ ಆ ಮಧ್ಯಾಹ್ನ ಇನ್ನೊಮ್ಮೆ ಬೇಕಿತ್ತು. ನೀರಿನಲ್ಲಿ ಮುಳುಗಿದವಳಿಗೆ ಒಂದೇ ಒಂದು ಉಸಿರು ಸಿಕ್ಕಿತ್ತು; ಅದು ಎಷ್ಟು ದಿನ ಬಾಳುತ್ತದೋ ಯಾರಿಗೆ ಗೊತ್ತು? ಆದರೆ ಆ ಹಾಳೆಯಲ್ಲಿ ಒಂಬತ್ತು ಉಳಿದರೆ, ನಿನ್ನೆ ಕಂಡವಳು ಇರಲೇ ಇಲ್ಲವೆಂದು ಅವಳೇ ಒಪ್ಪಿದಂತೆ. ಡಾಕ್ಟರಮ್ಮನ ಕೈಯಿಂದ ಪೆನ್ನು ತೆಗೆದುಕೊಂಡಳು. ಒಂಬತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದು, ಕೆಳಗೆ ರುಜು ಹಾಕಿದಳು.

ಹೊರಗೆ ಬೆಂಚಿನ ಮೇಲೆ ಗಂಡ ಕಾಯುತ್ತಿದ್ದ. "ಇನ್ನೊಂದು ಸಲ ಯಾವಾಗಂತೆ?"

"ಇಲ್ವಂತೆ." ನಡೆದದ್ದನ್ನು ಹೇಳಿದಳು.

"ಅಯ್ಯೋ, ಏನೋ ಒಂದು ನಂಬರು ಕಣೇ. ಅವರು ಹೇಳಿದ್ದಕ್ಕೆ ಹೂಂ ಅನ್ನೋಕೇನಾಗಿತ್ತು ನಿಂಗೆ?"

"ಹೂಂ ಹೂಂ ಅಂದೇ ಇಲ್ಲಿಗೆ ಬಂದು ಸೇರಿದ್ದು."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಅರ್ಧದಷ್ಟು ಮೆಟ್ಟಿಲು ಇಳಿದಾಗಿತ್ತು.