ಕೆರೆ ದಂಡೆಯ ಮನೆಗೆ ಎಷ್ಟು ಜನ?

ಪರದೆಯಕ್ಕನಿಗೆ ಒಂದು ಹಠ. ಕಿಟಕಿಯ ಮುಂದೆ ತಾನೇ ನಿಂತು ಆಚೆ ಏನಿದೆಯೆಂದು ನೋಡುವವರೆಗೂ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ಅಳತೆ ಬರೆದು ಕಳಿಸುತ್ತೇವೆ, ಫೋಟೋ ಕಳಿಸುತ್ತೇವೆ ಎಂದು ಗಿರಾಕಿಗಳು ಎಷ್ಟು ಹೇಳಿದರೂ ಅವಳ ಉತ್ತರ ಒಂದೇ: "ಅಳತೆ ಕಿಟಕೀದು. ಪರದೆ ಹಾಕೋದು ಆಚೆ ಇರೋದಕ್ಕೆ." ಎದುರುಮನೆಯ ಬಾಲ್ಕನಿ ಇದ್ದರೆ ಒಂದು ಬಟ್ಟೆ, ಬೀದಿದೀಪವಿದ್ದರೆ ಇನ್ನೊಂದು, ಬರೀ ಆಕಾಶವಿದ್ದರೆ ಮತ್ತೊಂದು. ಊರಿನ ಅರ್ಧ ಕಿಟಕಿಗಳ ಮುಂದೆ ಅವಳು ನಿಂತಿದ್ದಾಳೆ. ಯಾರ ಮನೆಯಿಂದ ಯಾರ ಅಡುಗೆಕೋಣೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತು. ಸತ್ತರೂ ಬಾಯಿ ಬಿಡುವವಳಲ್ಲ ಎಂಬುದು ಊರಿಗೆ ಗೊತ್ತು.

ಹಾಗಾಗಿ ಹಲ್ಲಿನ ಡಾಕ್ಟರು ಕೆರೆಯ ದಂಡೆಯಲ್ಲಿ ಹೊಸದಾಗಿ ಕೊಂಡ ಮರದ ಮನೆಗೆ ಪರದೆ ಬೇಕೆಂದು ಬಂದಾಗಲೂ ಅವಳು ಜಗ್ಗಲಿಲ್ಲ.

"ಬಸ್ಸಲ್ಲಿ ಅರ್ಧ ದಿನದ ದಾರಿ ಅಮ್ಮಾ," ಎಂದರು ಡಾಕ್ಟರು. "ನಾಲ್ಕು ಕಿಟಕಿಗೋಸ್ಕರ ಅಷ್ಟು ದೂರ ಹೋಗ್ತೀರಾ?"

"ಕಿಟಕಿಯಾಚೆ ಏನಿದೆ ಸಾರ್?"

"ಏನಿರುತ್ತೆ, ನೀರು."

"ಬರೀ ನೀರಾ?"

"ಬರೀ ನೀರು."

ಪರದೆಯಕ್ಕ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ನೀರು ಇಣುಕುವುದಿಲ್ಲ, ನೀರು ನೋಡಿದ್ದನ್ನು ಆಡಿಕೊಳ್ಳುವುದಿಲ್ಲ. ಹಾಗಿದ್ದರೆ ಯಾತರಿಂದ ಯಾರನ್ನು ಮರೆಮಾಡಬೇಕು? ಬೆಳಿಗ್ಗೆ ಅದರ ಮೇಲಿನ ಬೆಳಕು ಮನೆಯೊಳಗೆ ಹೇಗೆ ಬರುತ್ತದೆ, ನೇರವಾಗಿ ಬರುತ್ತದೋ ಅಲುಗಾಡುತ್ತ ಬರುತ್ತದೋ? ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಕಿಟಕಿ ಅವಳಿಗೆ ಸಿಕ್ಕಿರಲಿಲ್ಲ.

ಡಾಕ್ಟರು ಅವಳ ಮುಖ ನೋಡಿ ನಕ್ಕುಬಿಟ್ಟರು. "ಸರಿ, ಹೀಗ್ಮಾಡಿ. ಮುಂದಿನ ತಿಂಗಳು ಶನಿವಾರ, ಭಾನುವಾರ, ಸೋಮವಾರ ಒಟ್ಟಿಗೆ ರಜೆ ಬರುತ್ತೆ. ಯಜಮಾನರನ್ನ ಕರ್ಕೊಂಡು ಹೋಗಿ ಇದ್ದು ಬನ್ನಿ. ಮಂಚ ಇದೆ, ಒಲೆ ಇದೆ, ಸಣ್ಣದೊಂದು ದೋಣೀನೂ ಇದೆ. ಅಳತೇನೂ ಆಯ್ತು, ಸುತ್ತಾಟಾನೂ ಆಯ್ತು."

ಆ ಸಂಜೆ ಅವಳು ಗಂಡನಿಗೆ ವಿಷಯ ಹೇಳಿದಳು. ಗಂಡ ಲಿಫ್ಟು ರಿಪೇರಿಯವನು. ಯಾವ ಹೊತ್ತಿಗೆ ಯಾವ ಕಟ್ಟಡದಿಂದ ಕರೆ ಬರುತ್ತದೋ ಹೇಳುವ ಹಾಗಿಲ್ಲ. ಅವನು ಮನೆಗೆ ಬರುವಾಗ ಅವಳು ಮಿಷನ್ನಿನ ಮುಂದೆ, ಅವಳು ಮಲಗುವಾಗ ಅವನು ಯಾವುದೋ ಲಿಫ್ಟಿನ ಬಾಗಿಲ ಮುಂದೆ. ಪಾಳಿ ಬದಲಿಸುವ ಕಾವಲುಗಾರರ ಹಾಗೆ ಇಬ್ಬರೂ ಸಂಸಾರವನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನಡೆಸಿದ್ದರು. ಅವನು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

"ಆಯ್ತು," ಎಂದ. ಆಮೇಲೆ, "ದೋಣಿ ಇದೆಯಂತಾ?"

"ಹ್ಞೂಂ," ಎಂದಳು ಅವಳು. ತುಟಿಗಳ ನಡುವೆ ಗುಂಡುಸೂಜಿಗಳ ಸಾಲು ಇತ್ತು. ನಿರಿಗೆ ಹಿಡಿಯುವಾಗ ಬಾಯೇ ಅವಳ ಸೂಜಿಡಬ್ಬಿ. ಅಷ್ಟಕ್ಕಿಂತ ಹೆಚ್ಚು ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

ಹೆದರಿಕೆ ಶುರುವಾದದ್ದು ಮಾರನೆಯ ದಿನ. ಮೂರು ದಿನ ನಾವಿಬ್ಬರೇ ಏನು ಮಾತಾಡುತ್ತೇವೆ?

ಮೊದಲು ಮಗಳಿದ್ದಳು. "ಅಪ್ಪಂಗೆ ಹೇಳು ಗ್ಯಾಸ್ ಮುಗೀತು ಅಂತ," "ಅಮ್ಮಂಗೆ ಹೇಳು ನಾನು ಹೊರಟೆ ಅಂತ." ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ ಆ ಹುಡುಗಿ ಟಪಾಲಿನವಳ ಹಾಗೆ ಓಡಾಡುತ್ತಿದ್ದಳು. ನರ್ಸಿಂಗ್ ಓದಲು ಅವಳು ಹಾಸ್ಟೆಲಿಗೆ ಹೋದ ಮೇಲೆ ಟಪಾಲೂ ನಿಂತಿತು. ಜಗಳವಿಲ್ಲ, ಮುನಿಸಿಲ್ಲ. ಮಾತು ಯಾವಾಗಲೋ ಸವೆದುಹೋಗಿತ್ತು, ಎಲ್ಲರ ಮನೆಯಲ್ಲೂ ಹೀಗೇ ಇರಬೇಕು ಎಂದು ಅವಳು ಅಂದುಕೊಂಡಿದ್ದಳು. ಇಲ್ಲಿಯಾದರೆ ಮಿಷನ್ನಿನ ಸದ್ದಿದೆ, ಬೀದಿಯ ಸದ್ದಿದೆ. ಅಲ್ಲಿ ಬರೀ ನೀರು. ಅದರ ಮುಂದೆ ಕೂತಾಗ ತಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ ಎಂಬುದು ಗೊತ್ತಾಗಿಬಿಟ್ಟರೆ?

ಅವಳ ಕಸುಬಿನಲ್ಲಿ ಇಂಥ ಭಯಕ್ಕೆ ಒಂದು ಮದ್ದಿದೆ. ಕಿಟಕಿಯ ಅಗಲದಷ್ಟೇ ಬಟ್ಟೆ ಹಾಕಿದರೆ ಪರದೆ ಬಡಕಲಾಗಿ ನೇತಾಡುತ್ತದೆ, ಅದಕ್ಕೇ ಎರಡರಷ್ಟು ಹಿಡಿಯಬೇಕು. ಅವಳು ಪ್ರವಾಸಕ್ಕೂ ಹಾಗೇ ಹಿಡಿದಳು. ಮೊದಲು ನಾದಿನಿಯನ್ನು ಕರೆದಳು. ನಾದಿನಿ ಉಸಿರು ತೆಗೆದುಕೊಳ್ಳುವುದಕ್ಕೊಂದು ಬಿಟ್ಟರೆ ಮತ್ತೆ ಯಾತಕ್ಕೂ ಮಾತು ನಿಲ್ಲಿಸುವವಳಲ್ಲ. ಆಮೇಲೆ ಅವಳ ಗಂಡ, ಆಮೇಲೆ ತನ್ನ ತಂಗಿ, ತಂಗಿಯ ಅವಳಿ ಮಕ್ಕಳು, ಕೊನೆಗೆ ಮೇಲ್ಮನೆಯ ಅಜ್ಜಿ.

ಭಾನುವಾರ ಎಲ್ಲರೂ ಅವಳ ಮನೆಯಲ್ಲಿ ಸೇರಿದರು. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತು ನಾದಿನಿ ರಾಜ್ಯ ಹಂಚಲು ಶುರುಮಾಡಿದಳು.

"ಮಂಚದ ಮೇಲೆ ಅಜ್ಜಿ ಮತ್ತೆ ನಾನು. ನನ್ನ ಸೊಂಟ ನಿಮಗೆಲ್ಲ ಗೊತ್ತೇ ಇದೆ."

"ನಿನ್ನ ಸೊಂಟ ಗೊತ್ತು, ಅದಕ್ಕೇ ಕೇಳ್ತಿದೀನಿ, ನಾನೆಲ್ಲಿ ಮಲಗ್ಲಿ?" ಎಂದರು ಅಜ್ಜಿ.

"ಅಜ್ಜೀ! ಅತ್ತಿಗೆ, ನೋಡಿ ಇವರನ್ನ!"

"ಚಿಕ್ಕವರು ದೋಣೀಲಿ ಮಲಗ್ಲಿ," ಎಂದ ನಾದಿನಿಯ ಗಂಡ. ಅವಳಿಗಳು ಅದನ್ನು ನಿಜವೆಂದೇ ನಂಬಿ ಯಾರು ಯಾವ ಕಡೆ ಎಂದು ಗುದ್ದಾಟಕ್ಕಿಳಿದರು.

"ಅಣ್ಣ ಅತ್ತಿಗೆ ಅಡುಗೆಕೋಣೇಲಿ ಅಡ್ಜಸ್ಟ್ ಮಾಡ್ಕೋತಾರೆ. ಅಲ್ವಾ ಅಣ್ಣಾ?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಗಂಡ ಎಲ್ಲರನ್ನೂ ಒಂದು ಸುತ್ತು ನೋಡಿದ. ಅದು ಅವನು ಲಿಫ್ಟಿನೊಳಗೆ ತಲೆ ಹಾಕಿ ನೋಡುವ ನೋಟ.

"ಭಾರ ಜಾಸ್ತಿ ಆಯ್ತು," ಎಂದ. "ಒಬ್ಬರು ಇಳೀಬೇಕು. ನಾನೇ ಇಳೀತೀನಿ. ನೀವೆಲ್ಲ ಹೋಗಿಬನ್ನಿ, ಸೋಮವಾರದ ಡ್ಯೂಟಿ ನಾನೇ ಮಾಡ್ತೀನಿ ಅಂತ ಆಫೀಸಿಗೆ ಹೇಳ್ಬಿಡ್ತೀನಿ."

ಎಲ್ಲರೂ ಗೊಳ್ಳೆಂದು ನಕ್ಕರು. ನಾದಿನಿ, "ಅಣ್ಣಂಗೆ ಲಿಫ್ಟು ಬಿಟ್ಟಿರೋಕಾಗಲ್ಲಪ್ಪ, ಎರಡನೇ ಹೆಂಡತಿ!" ಎಂದಳು. ಪರದೆಯಕ್ಕನಿಗೆ ನಗು ಬರಲಿಲ್ಲ. ಬೇಕಾದದ್ದೇ ಆಗಿತ್ತು, ಮೂರು ದಿನದ ಮೌನದಿಂದ ಅವಳು ಪಾರಾಗಿದ್ದಳು. ಆದರೂ ಅವನು ಅಷ್ಟು ಸಲೀಸಾಗಿ ಇಳಿದುಬಿಟ್ಟನಲ್ಲ!

ಎರಡು ದಿನ ಬಿಟ್ಟು ಅವಳು ಬ್ಯಾಂಕಿನ ಅಧಿಕಾರಿಣಿಯೊಬ್ಬಳ ಮನೆಗೆ ಹೋದಳು. ಎತ್ತರದ ಕಟ್ಟಡ, ಮೇಲಿನ ಮಹಡಿ, ಉದ್ದದ ಕಿಟಕಿ. ಹೊಲಿದು ತಂದ ಪರದೆಯನ್ನು ತೂಗುಹಾಕಿ, ಏಣಿಯ ಮೇಲೆ ನಿಂತು, ಬಾಯ್ತುಂಬ ಸೂಜಿ ಹಿಡಿದು, ನಿರಿಗೆ ಸರಿಪಡಿಸುತ್ತಿದ್ದಳು. ಅಧಿಕಾರಿಣಿ ಕೆಳಗಿನಿಂದ ನೋಡುತ್ತಲೇ ಇದ್ದಳು.

"ಅಕ್ಕಾ, ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ. ನಿಮ್ಮ ಕಸುಬಿನವರೆಲ್ಲ ಹೀಗೇ ಬಾಯಲ್ಲಿ ಸೂಜಿ ಇಟ್ಕೋತಾರಾ?"

"ಹ್ಞೂಂ," ಎಂದಳು ಪರದೆಯಕ್ಕ.

"ಹಾಗಾದ್ರೆ ಆ ಮನುಷ್ಯ ಹೇಳಿದ್ದು ನಿಜಾನೇ. ಹೋದ ವಾರ ನಾನು ನಮ್ಮ ಲಿಫ್ಟಲ್ಲಿ ಸಿಕ್ಕಾಕ್ಕೊಂಡೆ. ಒಬ್ಬಳೇ. ಕತ್ತಲೆ. ಅಳೋದೊಂದು ಬಾಕಿ. ಆಗ ರಿಪೇರಿಯವರು ಬಂದ್ರು ನೋಡಿ. ಬಾಗಿಲಾಚೆಯಿಂದ ಮಾತು ಶುರು ಮಾಡಿದ್ರು. ಎಂಥಾ ಮಾತುಗಾರ ಅಂತೀರಾ! ಕೈ ಒಂದು ಕಡೆ ಕೆಲಸ ಮಾಡ್ತಿದೆ, ಬಾಯಿ ಒಂದು ಕಡೆ. ನಾನು ನಕ್ಕೂ ನಕ್ಕೂ ಕೆಳಗೇ ಕೂತ್ಬಿಟ್ಟೆ."

ಏಣಿಯ ಮೇಲಿನ ಕೈ ನಿಂತಿತು. ಈ ಕಟ್ಟಡದ ಲಿಫ್ಟು ಯಾರ ಪಾಲಿನದೆಂದು ಅವಳಿಗೆ ಗೊತ್ತಿತ್ತು.

"ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ, ನಿಮ್ಮ ಹೆಂಡತಿ ಅದೃಷ್ಟವಂತೆ ಅಂದೆ. ಅದಕ್ಕೆ ಅವರು, ಮನೇಲಿ ನಾನು ಬಾಯಿ ಬಿಡಲ್ಲಮ್ಮ ಅಂದ್ರು. ಯಾಕೆ ಅಂದ್ರೆ, ಹೆಂಡತಿ ಪರದೆ ಹೊಲೀತಾಳೆ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ಮದುವೆಯಾದ ಹೊಸದರಲ್ಲಿ ಇವರೇನೋ ತಮಾಷೆ ಮಾಡಿದಾರೆ, ಆಕೆ ನಕ್ಕು ಒಂದು ಸೂಜಿ ನುಂಗ್ಬಿಟ್ರಂತೆ. ಆಸ್ಪತ್ರೆಗೆ ಹೊತ್ಕೊಂಡು ಓಡಿದ್ರಂತೆ. ಅವತ್ತಿಂದ ಆಕೆ ಹೊಲಿಯುವಾಗ ಮಾತಾಡ್ಸೋದೇ ಬಿಟ್ಟೆ ಅಂದ್ರು. ಆಕೆ ಹೊಲೀದೇ ಇರೋ ಹೊತ್ತು ಯಾವುದು ಹೇಳಿ?"

ಪರದೆಯಕ್ಕ ಉಸಿರನ್ನೂ ಹುಷಾರಾಗಿ ಬಿಡುತ್ತಿದ್ದಳು. ಆ ಸೂಜಿ ಅವಳಿಗೆ ನೆನಪಿತ್ತು. ಗಂಟಲಲ್ಲಿ ಕಚ್ಚಿಕೊಂಡಿದ್ದನ್ನು ಡಾಕ್ಟರು ಇಕ್ಕುಳ ಹಾಕಿ ತೆಗೆದದ್ದು, ಹೊರಗೆ ಬೆಂಚಿನ ಮೇಲೆ ಗಂಡ ಬಿಳಿಚಿಕೊಂಡು ಕೂತದ್ದು, ಎಲ್ಲ ನೆನಪಿತ್ತು. ಮನೆಯ ಮೌನ ಅಲ್ಲಿಂದ ಶುರುವಾಯಿತೆಂದು ಮಾತ್ರ ಹೊಳೆದಿರಲಿಲ್ಲ.

"ಈಗ ಮೂರು ದಿನ ಯಾವುದೋ ಕೆರೆ ಹತ್ರ ಹೋಗ್ತಾರಂತೆ," ಅಧಿಕಾರಿಣಿ ಹೇಳುತ್ತಲೇ ಇದ್ದಳು. "ಅಲ್ಲಿ ಮಿಷನ್ ಇರಲ್ಲ, ಸೂಜಿ ಇರಲ್ಲ, ಹೇಳೋಕೆ ಒಂದು ಗೋಣಿಚೀಲದಷ್ಟು ಕೂಡಿಟ್ಟಿದೀನಿ ಅಂದ್ರು ಪಾಪ. ಹೋದ್ರೋ ಇಲ್ವೋ."

ಪರದೆಯಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ಇನ್ನೂ ಇಲ್ಲ," ಎಂದಳು.

ಕೆಳಗಿಳಿದವಳೇ ರಸ್ತೆಬದಿಯಲ್ಲಿ ನಿಂತು ನಾದಿನಿಗೆ ಫೋನು ಮಾಡಿದಳು. ಸುಳ್ಳು ಹೇಳಲು ನಾಲ್ಕು ದಾರಿ ಹೊಳೆದವು. ಒಂದೂ ಬೇಡವೆನಿಸಿತು.

"ನೋಡಮ್ಮ, ಕರೆದವಳೂ ನಾನೇ, ಬೇಡ ಅನ್ನೋಳೂ ನಾನೇ. ಈ ಸಲ ನಿಮ್ಮಣ್ಣ ನಾನು ಇಬ್ಬರೇ ಹೋಗ್ತೀವಿ."

ನಾದಿನಿಯ ಕಡೆಯಿಂದ ಜೀವಮಾನದಲ್ಲೇ ಮೊದಲ ಬಾರಿಗೆ ಮೌನ ಕೇಳಿಸಿತು.

"ಅಯ್ಯೋ ಅತ್ತಿಗೆ! ಅದನ್ನ ಮೊದಲೇ ಹೇಳೋಕೇನಾಗಿತ್ತು ನಿಮಗೆ? ನಾನು ಈಜೋ ಬಟ್ಟೆ ಬೇರೆ ತಗೊಂಡುಬಿಟ್ಟೆ!"

"ನಿಂಗೆ ಈಜು ಬರುತ್ತಾ?"

"ಬರಲ್ಲ, ಅದು ಬೇರೆ ವಿಷಯ. ಹೋಗಿ ಹೋಗಿ. ಅಜ್ಜಿಗೆ ನಾನು ಹೇಳ್ಕೋತೀನಿ. ಅಣ್ಣ ಒಪ್ಪಿದಾನಾ?"

ಅದೇ ತಿಳಿಯಬೇಕಿತ್ತು. ಅಣ್ಣ ಸಂಜೆ ಮನೆಗೆ ಬಂದ, ಕೈಕಾಲು ತೊಳೆದ, ಪೇಪರು ಹಿಡಿದು ಕೂತ. ಮಿಷನ್ನಿಗೆ ಹೊದಿಕೆ ಹಾಕಿರುವುದನ್ನು ನೋಡಿದನೋ ಇಲ್ಲವೋ. ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

"ಯಾರೂ ಬರೋದು ಬೇಡ ಅಂತ ಹೇಳಿಬಿಟ್ಟೆ ರೀ. ನಾವಿಬ್ಬರೇ ಹೋಗೋಣ."

ಅವನು ಪೇಪರಿನ ಮೇಲಿನಿಂದ ಅವಳ ತುಟಿಗಳತ್ತ ನೋಡಿದ. ಎಷ್ಟು ವರ್ಷದಿಂದ ಹೀಗೆ ಮೊದಲು ಅಲ್ಲಿಗೇ ನೋಡುತ್ತಿದ್ದನೋ, ಅವಳಿಗೆ ಕಂಡದ್ದು ಇವತ್ತು. ಅವನು ಬಾಯಿ ತೆರೆದ. ಏನೋ ಹೊರಡುವುದರಲ್ಲಿತ್ತು. ಮುಚ್ಚಿದ.

"ಏನಾದ್ರೂ ಹೇಳ್ರೀ."

"ಏನು ಹೇಳೋದು?"

ಎದುರೆದುರು ಕೂತು ಮಾತಾಡಲು ಅವನಿಂದ ಆಗುತ್ತಿಲ್ಲ. ಅವಳು ಒಂದು ಗಳಿಗೆ ಯೋಚಿಸಿದಳು. ಎದ್ದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕ ಜಡಿದಳು.

"ಲಿಫ್ಟು ನಿಂತುಹೋಗಿದೆ," ಎಂದು ಒಳಗಿನಿಂದ ಕೂಗಿದಳು. "ಆಚೆ ಯಾರಾದ್ರೂ ಇದೀರಾ?"

ಪೇಪರಿನ ಸದ್ದು ನಿಂತಿತು. ತಾನೇನು ಹುಚ್ಚಾಟ ಮಾಡುತ್ತಿದ್ದೇನೆ ಎಂದು ಅವಳ ಕಿವಿ ಬಿಸಿಯಾಯಿತು. ಆಮೇಲೆ ಕುರ್ಚಿ ಸರಿಯಿತು. ಹೆಜ್ಜೆಗಳು ಬಾಗಿಲವರೆಗೆ ಬಂದವು.

"ಇದೀನಮ್ಮ," ಎಂದಿತು ಒಂದು ದನಿ. "ಹೆದರ್ಕೋಬೇಡಿ. ಒಳಗೆ ಎಷ್ಟು ಜನ ಇದೀರಿ?"

ಅದು ಅವನದೇ ದನಿ. ಆದರೆ ಅಗಲವಾಗಿತ್ತು, ಮೈಬಿಚ್ಚಿ ಕೂತ ಹಾಗಿತ್ತು. ಅವಳು ಹಣೆಯನ್ನು ಬಾಗಿಲಿಗೆ ಒತ್ತಿದಳು.

"ಒಬ್ಬಳೇ. ಹೊರಗೆ?"

"ಒಬ್ಬನೇ."

"ಹೊತ್ತಾಗುತ್ತಾ?"

"ಹೊತ್ತಾಗೋ ಕೇಸೇ ಇದು. ಅಲ್ಲೀವರೆಗೆ ಮಾತಾಡ್ತಿರೋಣ. ಕೆರೆ ಹತ್ರ ಹೋಗಿ ಏನು ಮಾಡಬೇಕು ಅಂತ ಸಿಕ್ಕಾಕ್ಕೊಂಡೋರನ್ನೆಲ್ಲ ವಿಚಾರಿಸಿದೀನಿ ನಾನು. ಒಂದು ಮಗು, ಕಲ್ಲು ಎಸೀಬೇಕು ಅಂತು. ಒಬ್ಬ ವಕೀಲರು, ಏನೂ ಮಾಡಬಾರದು, ಅದಕ್ಕೇ ಹೋಗೋದು ಅಂದ್ರು. ಒಬ್ಬ ತಾತ, ದೋಣೀಲಿ ಹೆಂಡತಿ ಹುಟ್ಟು ಹಾಕ್ಬೇಕು, ಗಂಡ ಆರಾಮಾಗಿ ಒರಗಿರ್ಬೇಕು ಅಂದ್ರು. ಅದು ನಂಗೆ ಹಿಡಿಸ್ತು."

"ಹಿಡಿಸುತ್ತೆ, ಯಾಕೆ ಹಿಡಿಸಲ್ಲ!"

ಬಾಗಿಲಾಚೆ ಅವನು ನಕ್ಕ. ಆ ನಗು ಅವಳಿಗೆ ಗುರುತಿತ್ತು.

"ಸೋಮವಾರದ ಡ್ಯೂಟಿ?" ಎಂದಳು.

"ವಾಪಸ್ ಕೊಟ್ಬಿಡ್ತೀನಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಆಚೆ ಅವನೂ ಕೂತದ್ದು ಬಾಗಿಲ ಹಲಗೆ ಅದುರಿದ್ದರಿಂದ ತಿಳಿಯಿತು. ಚಿಲಕ ತೆಗೆದರೆ ತೆಗೆಯಬಹುದಿತ್ತು. ಆದರೆ ಅವನು ಆಗಲೇ ಗಂಟಲು ಸರಿಮಾಡಿಕೊಂಡು, ಯಾವುದೋ ಹೋಟೆಲಿನ ಲಿಫ್ಟಿನಲ್ಲಿ ಮದುಮಗನೊಬ್ಬ ಮಾವನ ಜೊತೆ ಸಿಕ್ಕಿಹಾಕಿಕೊಂಡ ಕಥೆಯನ್ನು ತೆಗೆದುಬಿಟ್ಟಿದ್ದ. ಮಾವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲವಂತೆ, ಮದುಮಗನಿಗೆ ಸಿಕ್ಕಾಪಟ್ಟೆ ಬಿಕ್ಕಳಿಕೆಯಂತೆ.

"ಆಮೇಲೆ?" ಎಂದಳು ಪರದೆಯಕ್ಕ, ಮೊಣಕಾಲನ್ನು ಎದೆಗೆ ಎಳೆದುಕೊಳ್ಳುತ್ತ. "ಆಮೇಲೇನಾಯ್ತು?"