ಮೀನು ಹಿಡಿಯಲು ಹೊರಟ ಬ್ರೇಕ್ ಮೇಷ್ಟ್ರು

ಬ್ರೇಕ್ ಮೇಷ್ಟ್ರನ್ನು ಮೊದಲ ಸಲ ಕಂಡಾಗ ಅವರಿಗೆ ನರದ ಕಾಯಿಲೆ ಇದೆಯೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಮುಂದೊಂದು ಸೈಕಲ್ ಅಡ್ಡ ಬಂದರೆ ಸಾಕು, ಅವರ ಬಲಗಾಲು ನೆಲವನ್ನು ದಬ್ಬೆಂದು ತುಳಿಯುತ್ತಿತ್ತು. ಸಿಗ್ನಲ್ ಕೆಂಪಾದರೂ ತುಳಿತ, ತಿರುವು ಬಂದರೂ ತುಳಿತ. ಪತ್ರಿಕೆಯ ಆರೋಗ್ಯ ಪುಟವನ್ನು ವಾರ ತಪ್ಪದೆ ಓದುವ ನನಗೆ ಇಷ್ಟು ಲಕ್ಷಣ ಧಾರಾಳವಾಯಿತು. ಇಳಿಯುವ ಮೊದಲು ದನಿ ತಗ್ಗಿಸಿ, "ಸಂಕೋಚ ಬೇಡಿ, ಇದಕ್ಕೆಲ್ಲ ಈಗ ಒಳ್ಳೇ ಔಷಧಿ ಬಂದಿದೆ" ಎಂದು ಒಬ್ಬ ನರತಜ್ಞರ ವಿಳಾಸ ಬರೆದುಕೊಟ್ಟೆ. ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟು, ಅದೇ ಜೇಬಿನಿಂದ ತಮ್ಮ ಕಾರ್ಡು ತೆಗೆದು ನನ್ನ ಕೈಗಿತ್ತರು. ಡ್ರೈವಿಂಗ್ ಸ್ಕೂಲಿನ ಕಾರ್ಡು, ಮನೆಯ ವಿಳಾಸ ನಮ್ಮದೇ ಬೀದಿಯದು.

ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಮೇಷ್ಟ್ರು ತಮ್ಮ ಅರ್ಧ ಆಯುಸ್ಸನ್ನು ಆ ಸೀಟಿನಲ್ಲಿ, ಆ ಬ್ರೇಕಿನ ಮೇಲೆ ಕಳೆದವರು. ಊರಿನ ಎಷ್ಟೋ ಕಾಂಪೌಂಡು ಗೋಡೆಗಳು ಇಂದಿಗೂ ನೆಟ್ಟಗೆ ನಿಂತಿರುವುದು ಆ ಬಲಗಾಲಿನ ಕೃಪೆಯಿಂದ. ಮನೆಯ ಸೋಫಾದಲ್ಲಿ ಕೂತು ಟೀವಿ ನೋಡುವಾಗಲೂ ಅವರು ಬ್ರೇಕ್ ಹಾಕುತ್ತಾರೆ.

ಕಾಲಿನದು ಬಿಡಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇದ್ದದ್ದು ಕೈಯಿಂದ. ಶಿಷ್ಯ ತಡವರಿಸಿದರೆ ಸಾಕು, ಸ್ಟಿಯರಿಂಗಿಗೆ ಕೈ ಹಾಕಿ ಅಭ್ಯಾಸ. ಮಗಳು ಲೆಕ್ಕ ಮಾಡುತ್ತ ಒಂದು ಕ್ಷಣ ಯೋಚಿಸಿದರೆ ಪೆನ್ಸಿಲ್ ಅಪ್ಪನ ಕೈಯಲ್ಲಿರುತ್ತಿತ್ತು. ಶೂ ಲೇಸು, ಹೊಲಿಗೆಯ ಸೂಜಿ, ಬಾಟಲಿಯ ಮುಚ್ಚಳ, ಎಲ್ಲದಕ್ಕೂ ಇದೇ ಗತಿ. ಅವಳೀಗ ಒಂಬತ್ತನೇ ತರಗತಿ. ಸಹನೆ ಎಂಬುದು ದೂರದ ನೆಂಟನಂತೆ ಅಪರೂಪಕ್ಕೆ ಬಂದುಹೋಗುವ ವಯಸ್ಸು.

ಭಾನುವಾರ ಅಪ್ಪ ಮಗಳು ಕೆರೆಗೆ ಮೀನು ಹಿಡಿಯಲು ಹೋಗುವುದು ರೂಢಿ. ಕಳೆದ ತಿಂಗಳು ಅವಳ ಗಾಳಕ್ಕೆ ಭಾರಿ ಗೆಂಡೆಮೀನೊಂದು ಬಿತ್ತು. ಮರುಕ್ಷಣ ಗಾಳದ ಕೋಲು ಅಪ್ಪನ ಕೈಯಲ್ಲಿತ್ತು. ಹೇಗೆ ಬಂತೆಂದು ಅವರಿಗೂ ಗೊತ್ತಿಲ್ಲವಂತೆ. "ಮೇಷ್ಟ್ರು ಎಂಥಾ ಮೀನು ಹಿಡಿದ್ರು ನೋಡ್ರಿ" ಎಂದು ಬೀದಿಯೆಲ್ಲ ಹೊಗಳಿತು, ನಾನೂ ಹೊಗಳಿದೆ. ಮಗಳು ಮಾತ್ರ ಆ ಮೀನಿನ ಒಂದು ಚೂರನ್ನೂ ಬಾಯಿಗಿಡಲಿಲ್ಲ.

ಮೊನ್ನೆ ಅವಳು ನಮ್ಮ ಬಾಗಿಲು ತಟ್ಟಿದಳು.

"ಅಂಕಲ್, ಭಾನುವಾರ ಬಿಡುವಾಗಿದೀರಾ?"

"ಯಾಕಮ್ಮ?"

"ನಮ್ಮಪ್ಪನ್ನ ಕಾಯೋಕೆ ಒಬ್ರು ಬೇಕಿತ್ತು. ನನ್ನ ಕೋಲು ಒಂದೇ ಒಂದು ಸಲ ಮುಟ್ಟಿದ್ರೂ ಮುಗೀತು, ಇನ್ಮೇಲೆ ನಾನು ಕೆರೆ ಕಡೆ ಬರಲ್ಲ. ಮುಟ್ಟಿಲ್ಲ ಅಂತ ಆಮೇಲೆ ವಾದ ಮಾಡ್ತಾನೆ. ನೀವು ಅಂಪೈರ್."

ಅವಳ ಹಿಂದೆ ಮೇಷ್ಟ್ರು ಲೈಸೆನ್ಸ್ ಪರೀಕ್ಷೆಗೆ ಬಂದ ಶಿಷ್ಯನ ಮುಖ ಹೊತ್ತು ನಿಂತಿದ್ದರು. ವಾರವಿಡೀ ಅವರು ಕಾರಿನಲ್ಲಿ, ಅವಳು ಶಾಲೆಯಲ್ಲಿ. ಮಗಳು ಅವರ ಪಾಲಿಗೆ ಸಿಗುತ್ತಿದ್ದುದೇ ಆ ಭಾನುವಾರ. ಅದೂ ಹೋದರೆ ಉಳಿಯುವುದು ಟೀವಿ ಮುಂದಿನ ಬ್ರೇಕ್ ಒಂದೇ.

ನನ್ನ ನಿಷ್ಪಕ್ಷಪಾತತೆ ಇಷ್ಟು ಬೇಗ ಲೋಕವಿಖ್ಯಾತವಾದುದಕ್ಕೆ ಬೀಗಿದೆ. ಅಂಪೈರ್ ಅಂದ ಮೇಲೆ ಟೋಪಿ ಬೇಡವೇ? ಅಗಲ ಅಂಚಿನದೊಂದನ್ನು ಹೊಸದಾಗಿ ಕೊಂಡೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸ್ಕೂಲಿನ ಕಾರಿನಲ್ಲೇ ಹೊರಟೆವು. ನಾನು ಗಂಭೀರವಾಗಿ ಪಕ್ಕದ ಸೀಟಿನಲ್ಲಿ ಕೂತು ಕಾಲು ಚಾಚಿದೆ. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

"ಏನಾಯ್ತು ಮೇಷ್ಟ್ರೇ, ಕೆಟ್ಟೋಯ್ತಾ?"

"ಕಾಲು ಎತ್ತಿ ಸಾರ್. ಬ್ರೇಕ್ ಮೇಲಿದೆ."

ಹಿಂದಿನ ಸೀಟಿನಿಂದ ಕಿಸಕ್ ಎಂದು ನಗು ಬಂತು.

ಬಾಡಿಗೆಯ ದೋಣಿ ಹಳೆಯದು. ದಡಕ್ಕೆಳೆದಾಗ ಒಳಗಿನ ನೀರು ಹರಿದುಹೋಗಲೆಂದು ತಳದಲ್ಲೊಂದು ತೂತು, ಅದಕ್ಕೊಂದು ಮರದ ಬಿರಡೆ. ಕೆರೆಯ ನಡುವಿಗೆ ಬಂದು ಹುಟ್ಟು ಎತ್ತಿಟ್ಟೆವು. ಮಗಳು ಎರೆಹುಳು ಸಿಕ್ಕಿಸಿ ಗಾಳ ಬೀಸಿದಳು. ದಾರಕ್ಕೆ ಕಟ್ಟಿದ ಕೆಂಪು ಬೆಂಡು ನೀರಿನ ಮೇಲೆ ತೂಕಡಿಸುತ್ತ ಕೂತಿತು. ಮೇಷ್ಟ್ರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತರು.

"ಬಾಯಿ ಆಡಿಸಬಹುದಾ?" ಎಂದರು.

"ಆಡಿಸು. ನಾನು ಕೇಳ್ಬೇಕು ಅಂತೇನಿಲ್ವಲ್ಲ," ಎಂದಳು ಮಗಳು.

ಅಷ್ಟರಲ್ಲಿ ಬೆಂಡು ಮಾಯ! ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್ರೆಂದು ಕಿರುಚತೊಡಗಿತು. ಮಗಳು ಎದ್ದು ನಿಂತಳು, ದೋಣಿ ಓಲಾಡಿತು, ನಾನು ಕೂತಲ್ಲೇ "ಹೋ!" ಎಂದೆ.

"ಬಿಡು ಬಿಡು! ಹಾಂ, ಸುತ್ತು! ಮರೀ, ಕೋಲು ಮೇಲೆ!" ಮೇಷ್ಟ್ರ ಕೈ ತೊಡೆಯಡಿಯೇ ಇತ್ತು. ಕಾಲಿಗೆ ಯಾರು ಹೇಳಬೇಕು? ಮೀನು ಓಡಿದಾಗಲೆಲ್ಲ ಅದನ್ನು ನಿಲ್ಲಿಸಲು ಬಲಗಾಲು ದಬ್ ದಬ್ ಎಂದು ಬ್ರೇಕ್ ಹಾಕಿತು. ಮೂರನೆಯ ತುಳಿತ ನೇರ ಬಿರಡೆಯ ಮೇಲೆ. ಹಳೆಯ ಬಿರಡೆ ತಾಳಲಾರದೆ ಕೆಳಗೆ ಜಾರಿ ಕೆರೆ ಸೇರಿತು. ತೂತಿನಿಂದ ನೀರು ಬುಗ್ಗನೆ ಚಿಮ್ಮಿತು.

"ಅಯ್ಯಯ್ಯೋ, ದೋಣಿ!" ಎಂದೆ ನಾನು.

"ಮೀನು ಇದೆ ಅಂಕಲ್, ಸುಮ್ನಿರಿ!"

ಮೇಷ್ಟ್ರು ಹಿಮ್ಮಡಿಯನ್ನು ತೂತಿನ ಮೇಲೆ ಒತ್ತಿ ಕೂತರು. ಇಷ್ಟು ವರ್ಷ ಗಾಳಿಯಲ್ಲಿ ಬ್ರೇಕ್ ಹಾಕಿದ ಕಾಲಿಗೆ ಕೊನೆಗೂ ಕಾರಿನಾಚೆ ಒಂದು ಕೆಲಸ ಸಿಕ್ಕಿತು. ಒಳಗೆ ಬಂದ ನೀರನ್ನು ತೋಡಿ ಚೆಲ್ಲುವ ಹೊಣೆ ಅಂಪೈರನದು. ಹೊಸ ಟೋಪಿಯಲ್ಲಿ ನೀರು ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯವನು ಈ ಗುಣ ಹೇಳಿರಲಿಲ್ಲ.

ಮೀನು ಈಗ ಮುಳುಗಿದ ಮರದ ಬೊಡ್ಡೆಯತ್ತ ನುಗ್ಗಿತು. ಅಲ್ಲಿ ಹೊಕ್ಕರೆ ದಾರ ಸುತ್ತಿಕೊಂಡು ತುಂಡಾಗುವುದು ಖಂಡಿತ.

"ಎಳಿ ಮರೀ! ಗಟ್ಟಿಯಾಗಿ ಎಳಿ! ಎಳಿಯೇ!" ಮೇಷ್ಟ್ರ ಎರಡೂ ಕೈ ಹೊರಬಂದವು. ಕೋಲಿಗೂ ಬೆರಳಿಗೂ ನಡುವೆ ಒಂದು ಗೇಣು ಉಳಿದಿತ್ತು. ನಾನು ಟೋಪಿ ಹಿಡಿದು ಉಸಿರು ಬಿಗಿಹಿಡಿದೆ.

"ಅಪ್ಪಾ," ಎಂದಳು ಅವಳು, ತಿರುಗಿಯೂ ನೋಡದೆ.

ಕೈಗಳು ಗಾಳಿಯಲ್ಲಿ ನಿಂತವು. ಆಮೇಲೆ ಒಂದೊಂದಾಗಿ ಹಿಂದೆ ಸರಿದು ಮತ್ತೆ ತೊಡೆಯಡಿ ಸೇರಿದವು. ಮೇಷ್ಟ್ರು ಅವುಗಳ ಮೇಲೆ ಇಡೀ ಮೈಭಾರ ಹಾಕಿ ಕೂತರು.

ಮಗಳು ಎಳೆಯಲಿಲ್ಲ. ಬದಲಿಗೆ ದಾರವನ್ನು ಪೂರ್ತಿ ಸಡಿಲ ಬಿಟ್ಟಳು. ಕಥೆ ಮುಗಿಯಿತೆಂದುಕೊಂಡೆ. ಎಳೆಯುವವರೇ ಇಲ್ಲದ ಮೇಲೆ ಯಾರಿಂದ ಓಡಬೇಕೆಂದು ಮೀನಿಗೂ ಗೊಂದಲವಾಗಿರಬೇಕು, ಬೊಡ್ಡೆಯ ಮುಂದೆಯೇ ನಿಂತುಬಿಟ್ಟಿತು. ಅವಳು ನಯವಾಗಿ, ಬೆರಳ ತುದಿಯಿಂದ ಮೆಲ್ಲಗೆ ರೀಲು ತಿರುಗಿಸಿದಳು. ಮೀನು ಈ ಕಡೆ ತಿರುಗಿತು. ಮತ್ತೆ ಓಟ, ಮತ್ತೆ ಸಡಿಲ, ಮತ್ತೆ ಸುತ್ತು. ನನ್ನ ಟೋಪಿ ತುಂಬಿ ಬರಿದಾಗುತ್ತಲೇ ಇತ್ತು. ಕೊನೆಗೆ ದೋಣಿಯ ಪಕ್ಕ ನೀರು ಸೀಳಿ ಹೊನ್ನಿನ ಬಣ್ಣದ ಬೆನ್ನೊಂದು ಹೊರಳಿತು.

"ಅಪ್ಪ, ಬಲೆ!"

ಮೇಷ್ಟ್ರು ಅಲ್ಲಾಡಲಿಲ್ಲ.

"ನಿನಗೇ ಅಪ್ಪ ಹೇಳ್ತಿರೋದು, ಕೈಬಲೆ ತಗೊಂಡು ಬಾ!"

ಮೇಷ್ಟ್ರು ನನ್ನ ಮುಖ ನೋಡಿದರು. "ಅಂಪೈರೇ?"

"ಬಲೆಯ ಬಗ್ಗೆ ನಿಯಮಾವಳಿಯಲ್ಲಿ..." ಎಂದು ತೀರ್ಪು ಶುರುಮಾಡಿದೆ.

"ಅಂಕಲ್, ಬೇಗ!"

"ಆಗಬಹುದು!"

"ಹಂಗಾದ್ರೆ ಸಾರ್, ಕಾಲು ಇಲ್ಲಿಡಿ," ಎಂದು ಮೇಷ್ಟ್ರು ತೂತು ತೋರಿಸಿದರು. "ಈ ಸಲ ಎತ್ತಬೇಡಿ."

ಅವರು ಬಲೆ ಹಿಡಿದರೆ ಕೈ ಥರಥರ ನಡುಗುತ್ತಿತ್ತು. ಒಮ್ಮೆ ಬಲೆ ಕೈಜಾರಿ ಬಿತ್ತು, ಮತ್ತೆ ಹಿಡಿದರು. ಬಲೆ ನೀರಿಗಿಳಿಯಿತು, ಮೀನು ಬಾಲ ಬಡಿದು ನಮ್ಮ ಮೂವರಿಗೂ ಸ್ನಾನ ಮಾಡಿಸಿ ಒಳಗೆ ಬಂತು. ಮಗಳು ಹಾಕಿದ ಕೇಕೆಗೆ ದಡದ ಕೊಕ್ಕರೆಗಳೆಲ್ಲ ಹಾರಿಹೋದವು. ಕಳೆದ ತಿಂಗಳ ಮೀನಿಗಿಂತ ಇದು ಚಿಕ್ಕದು. ಹಾಗೆಂದು ಹೇಳುವ ಧೈರ್ಯ ದೋಣಿಯಲ್ಲಿ ಯಾರಿಗೂ ಇರಲಿಲ್ಲ.

"ಮುಂದಿನ ಭಾನುವಾರ ಒಂದು ಬಿರಡೆ ಜಾಸ್ತಿ ತಗೊಂಡು ಬರೋಣ ಅಪ್ಪ," ಎಂದಳು ಅವಳು, ಕೋಲು ಒರೆಸುತ್ತ.

ಮೇಷ್ಟ್ರು ಹುಟ್ಟು ಹಾಕಿದ ರಭಸಕ್ಕೆ ದೋಣಿ ಕುಣಿಯಿತು.

ದಡ ಸೇರಿದ ಮೇಲೆ, ಒದ್ದೆ ಟೋಪಿ ಹಿಂಡುತ್ತ, ಇಂಥ ಗಳಿಗೆಗೆ ತಕ್ಕ ಒಂದು ಪ್ರಶ್ನೆ ಕೇಳದಿದ್ದರೆ ನನ್ನಂಥ ಬರಹಗಾರನಿಗೆ ಮರ್ಯಾದೆಯಲ್ಲ ಎನ್ನಿಸಿತು. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದೆ.

"ಮೇಷ್ಟ್ರೇ, ಬಲೆ ಹಿಡಿದಾಗ ನಿಮ್ಮ ಕೈ ನಡುಗ್ತಾ ಇತ್ತಲ್ಲ, ಮಗಳು ಇಷ್ಟು ದೊಡ್ಡವಳಾದಳಲ್ಲ ಅಂತ ಹೃದಯ ತುಂಬಿ ಬಂದಿತ್ತಾ?"

"ಇಲ್ಲ ಸಾರ್. ಅಷ್ಟು ಹೊತ್ತು ಕೈ ಮೇಲೆ ಕೂತಿದ್ನಲ್ಲ, ಜೋಮು ಹಿಡಿದಿತ್ತು."