ಎಮ್ಮೆ ತುಳಿದ ಮಣ್ಣು

ಪೊನಿರಾ ಬದುಕಿನಲ್ಲಿ ಮಾಡಿದ ದೊಡ್ಡ ಕೆಲಸವೇನು ಎಂದು ಕೇಳಿದರೆ, ನಗಬೇಡಿ, ಕೆರೆಯಲ್ಲಿ ಎಮ್ಮೆ ಮೀಯಿಸಿದ್ದು. ಜಾವಾದ ತೆಂಕಣ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಅದು ಸಣ್ಣ ಕೆಲಸವಲ್ಲ. ಅಲ್ಲಿ ಮಳೆಗೇನೂ ಬರವಿಲ್ಲ, ಬಿದ್ದ ನೀರು ನಿಂತರೆ ತಾನೇ? ಕಲ್ಲೆಲ್ಲ ತೂತು. ನೀರು ಇಳಿದು, ನೆಲದೊಳಗೇ ಹರಿದು, ಕಡಲ ದಂಡೆಯ ಬಂಡೆಯಡಿ ಸಿಹಿಯಾಗಿಯೇ ಉಕ್ಕಿ ಉಪ್ಪಿನ ಪಾಲಾಗುತ್ತದೆ. ಒಮ್ಮೆ ಯಾರೋ ಗುಡ್ಡದ ಬಿಲಕ್ಕೆ ಭತ್ತದ ಹೊಟ್ಟು ಸುರಿದರೆ ಅದು ಕೆಳಗೆ ಬೆಸ್ತರ ಕಾಲಿಗೆ ಮೆತ್ತಿಕೊಂಡಿತ್ತಂತೆ. ಊರಿನ ಕೆರೆಯೊಂದೇ ನಿಂತ ನೀರು. ಅದರ ತಳದಲ್ಲಿ ಕರಿ ಜೇಡಿಮಣ್ಣಿತ್ತು, ಅದು ಬಿರಿಯದ ಹಾಗೆ ಅಜ್ಜಂದಿರ ಕಾಲದಿಂದ ಎಮ್ಮೆಗಳು ತುಳಿದು ತುಳಿದು ಗಾರೆಯಂತೆ ಮಾಡಿದ್ದವು.

ಅಪ್ಪ ಸಾಯುವಾಗ ಎಮ್ಮೆಯ ಹಗ್ಗವನ್ನೂ ಪುಟ್ಟ ತಮ್ಮ ಸಕಿಮಾನನನ್ನೂ ಅವಳ ಕೈಗೆ ಕೊಟ್ಟು ಹೋದ. ಎರಡನ್ನೂ ಅವಳು ಬಿಡಲಿಲ್ಲ. ತಮ್ಮನಿಗೆ ತುತ್ತಿಟ್ಟಳು, ಓದಿಸಿದಳು. ಅವನು ಊರಿನ ಮುಖಂಡನಾದ. ಅಕ್ಕನಿಗೆ ಒಂದು ದಿನವೂ ಎದುರು ಮಾತಾಡಿದವನಲ್ಲ. ಏನು ಹೇಳಿದರೂ ತಲೆ ತಗ್ಗಿಸಿ "ಇಂಗ್ಗಿ, ಯೂ" ಅನ್ನುವನು, ಹೌದಕ್ಕ ಎಂದು.

ಈ ಇಂಗ್ಗಿ ಎಂಬ ಮಾತಿನ ಗುಣ ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಕಿರಿಯರು ಹಿರಿಯರಿಗೆ, ಗುರುತಿಲ್ಲದವರು ಗುರುತಿಲ್ಲದವರಿಗೆ ಮರ್ಯಾದೆಗೆ ಹೇಳುವ ಹೌದು ಅದು. ಆಗಲಿ ಎಂದೂ ಆದೀತು, ಕಿವಿಗೆ ಬಿತ್ತು ಎಂದಷ್ಟೇ ಆದೀತು. ಬೀಗರು ಹೇಳಿದರೆ, ಅಧಿಕಾರಿಗಳು ಹೇಳಿದರೆ ಪೊನಿರಾ ಅಳೆದು ತೂಗಿಯೇ ನಂಬುತ್ತಿದ್ದಳು. ತಾನೇ ತುತ್ತಿಟ್ಟ ಬಾಯಿಂದ ಬಂದದ್ದನ್ನೂ ತೂಗಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಕೆರೆ ರಿಪೇರಿಗೆ ಸರ್ಕಾರದ ಮಂಜೂರಾತಿ ಬಂತು. ಊರವರು ಯೂ ಪೊನಿರಾ ಏನನ್ನುತ್ತಾಳೋ ನೋಡೋಣ ಎಂದು ಕೂತರು. ಸಕಿಮಾನ್ ಅಕ್ಕನ ಅಡುಗೆಮನೆಗೆ ಬಂದು ಮರಗೆಣಸಿನ ಹಿಟ್ಟು ಉಂಡ.

"ಕಲ್ಲಿನ ದಂಡೆ ಕಟ್ಸು, ಬೇಡ ಅನ್ನಲ್ಲ," ಅಂದಳು. "ತಳದ ಮಣ್ಣಿಗೆ ಮಾತ್ರ ಕೈ ಹಾಕ್ಬೇಡ ಕಣೋ. ಹಾಕಲ್ಲ ತಾನೆ?"

"ಇಂಗ್ಗಿ, ಯೂ."

ಮರುದಿನ ಸಭೆಯಲ್ಲಿ ಅವಳೇ ಎದ್ದು ನಿಂತು, ನನ್ನ ತಮ್ಮ ಮಾತು ಕೊಟ್ಟಿದ್ದಾನೆ, ಒಪ್ಪಿಕೊಳ್ಳಿ ಅಂದಳು. ಎಲ್ಲರೂ ಕೈ ಎತ್ತಿದರು.

ಆಮೇಲೆ ಎಮ್ಮೆಗಳನ್ನು ನೆರೆಮನೆಗೆ ಒಪ್ಪಿಸಿ ಮಗಳ ಬಾಣಂತನಕ್ಕೆಂದು ಕಡಲ ದಂಡೆಗೆ ಇಳಿದಳು. ತಿರುಗಿ ಬರುವಷ್ಟರಲ್ಲಿ ಜೆಸಿಬಿ ಬಂದು ಹೋಗಿತ್ತು. ಚೆಂದದ ದಂಡೆ ಎದ್ದಿತ್ತು, ಮೆಟ್ಟಿಲಿತ್ತು. ನಡುವೆ ಕೆರೆ ಬಾವಿಯಷ್ಟು ಆಳವಾಗಿ, ತಳದಲ್ಲಿ ಬಿಳಿ ಕಲ್ಲು ಹಲ್ಲು ಕಿರಿಯುತ್ತಿತ್ತು. ಆಳ ಹೆಚ್ಚಿದರೆ ನೀರೂ ಹೆಚ್ಚು ಎಂದು ಸಕಿಮಾನ್ ಊರಿಗೆಲ್ಲ ಹೇಳಿದ್ದ. ಆಹಾ, ಎಂಥ ಜಾಣ! ಮಣ್ಣೆಲ್ಲಿ ಎಂದರೆ, ಬರೀ ಕೊಳೆ ಕೆಸರು, ಎಲ್ಲೋ ಸುರಿಸಿದೆ ಅಂದ.

ಮಳೆ ಬಂತು. ಕೆರೆ ತುಂಬಿತು. ಜನ ತಮ್ಮನನ್ನು ಹೊಗಳಿದರು. ಸುಮ್ಮನೆ ಹೆದರಿದೆನಲ್ಲ ಎಂದು ಪೊನಿರಾಳಿಗೂ ನಾಚಿಕೆಯಾಯಿತು. ಒಂದು ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋದರೆ ನೀರು ನಡುವಿನಲ್ಲಿ ಸುಳಿ ತಿರುಗುತ್ತಿದೆ. ಸಂಜೆಯ ಹೊತ್ತಿಗೆ ಕಲ್ಲಿನ ತೂತುಗಳು, ಒದ್ದಾಡುವ ಮೀನುಗಳು, ಅಷ್ಟೇ. ಊರಿನ ವರ್ಷದ ನೀರು ಕಡಲಿಗೆ ಹೊರಟುಹೋಗಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನೆರೆಮನೆಯ ತುಕಿಯೆಮ್ ಖಾಲಿ ಕೊಡ ಇಳಿಸಿ, "ನೀವು ಹೂಂ ಅಂದ್ರಿ ಅಂತ ನಾವೂ ಕೈ ಎತ್ತಿದ್ವಿ, ಯೂ," ಅಂದಳು.

ಪೊನಿರಾ ಸುರಿವ ಮಳೆಯಲ್ಲೇ ತಮ್ಮನ ಮನೆಗೆ ನಡೆದಳು. ಮನೆಗೆ ಹೊಸ ಹೆಂಚು ಹೊದಿಸಿದ್ದ. ಅವನ ಬಾಮೈದನದು ಹೆಂಚಿನ ಭಟ್ಟಿ. ಅಂಗಳದ ಮೂಲೆಯಲ್ಲಿ ತಾಳೆಗರಿ ಮುಚ್ಚಿ, ಇನ್ನೂ ಸುಡದ ಮಣ್ಣು ಗುಡ್ಡೆ ಹಾಕಿತ್ತು. ಗರಿ ಸರಿಸಿದಳು. ಕರಿ ಜೇಡಿ. ಮೇಲಿನ ಹೆಂಟೆಯಲ್ಲಿ ಎಮ್ಮೆಯ ಗೊರಸಿನ ಅರ್ಧ ಅಚ್ಚು. ಮಾತು ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಅದನ್ನು ತಾನೇ ಸಾಕಿದ್ದಳು.

ಹೆಂಟೆ ತಂದು ಅವನ ಮುಂದಿಟ್ಟಳು. "ನನ್ ಹತ್ರ ಹೌದು ಅಂದಿದ್ಯಲ್ಲೋ."

ಸಕಿಮಾನ್ ತಲೆ ಎತ್ತಲಿಲ್ಲ. ದನಿಯಲ್ಲಿ ಮರ್ಯಾದೆ ಎಳ್ಳಷ್ಟೂ ಕಮ್ಮಿಯಿರಲಿಲ್ಲ. "ಇಂಗ್ಗಿ ಅಂದಿದ್ದೆ, ಯೂ. ನೀವು ಹೇಳಿದ್ದು ಕೇಳಿಸ್ತು ಅಂತ."

ಪೊನಿರಾ ಮೇಲೆ ನೋಡಿದಳು. ಮಳೆ ಹೆಂಚಿನ ಮೇಲೆ ಬಡಿಯುತ್ತಿತ್ತು. ಅಪ್ಪನ ಎಮ್ಮೆ, ತನ್ನ ಎಮ್ಮೆ ತುಳಿದ ಮಣ್ಣು, ಒಂದು ಹನಿಯೂ ಸೋರುತ್ತಿರಲಿಲ್ಲ.

"ಒದ್ದೆಯಾಗಿದ್ದೀರಿ," ಅಂದ ತಮ್ಮ. "ಮಳೆ ನಿಲ್ಲೋ ತನಕ ಕೂತ್ಕೊಳ್ಳಿ."

ಅಕ್ಕ ತಮ್ಮನಿಗೆ ಯಾವತ್ತೂ ಹೇಳದ ಮಾತೊಂದನ್ನು ಪೊನಿರಾ ಆವತ್ತು ಹೇಳಿದಳು.

"ಇಂಗ್ಗಿ," ಅಂದು ಮಳೆಗೆ ಇಳಿದು ಹೊರಟುಹೋದಳು.